ಶಿವಕಾಂತಾ ಮಾಡಿದ ಎರಡು ಪಾಲು

ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು. ಕೋಳಿ ಕೂಗುವ ಹೊತ್ತಿಗೆಲ್ಲ ಅಲ್ಲಿ ಪಟಪಟ ಸದ್ದು ಶುರುವಾಗಿರುತ್ತದೆ. ಹೆಣ್ಣುಮಕ್ಕಳು ಸಾಲಾಗಿ ಕುಳಿತು ಜೋಳದ ರೊಟ್ಟಿ ಬಡಿಯುವ ಸದ್ದು. ಆ ಸದ್ದನ್ನು ಆ ಓಣಿಗೆ ತಂದವಳು ಶಿವಕಾಂತಾ.

ಅಫಜಲಪುರ ತಾಲ್ಲೂಕಿನ ಅತನೂರದ ಹೆಣ್ಣು ಆಕೆ. ಸರಸಂಬಾದ ಗುರುಶಾಂತನ ಕೈಹಿಡಿದು ಬಂದಾಗ ಅವಳ ಜೊತೆ ಬಂದದ್ದು ತಂದೆ ಹಾಕಿದ ನಾಕು ತೊಲೆ ಬಂಗಾರ, ಒಂದಿಷ್ಟು ಹಿತ್ತಾಳೆ ಪಾತ್ರೆ, ಮತ್ತು ಅವಳ ಎರಡು ಕೈ. ಆ ಕೈ ಬಡಿದ ರೊಟ್ಟಿ ಹೆಂಚಿನ ಅಂಚು ಮುಟ್ಟುತ್ತಿತ್ತು, ಬೆಳಕಿಗೆ ಹಿಡಿದರೆ ಆಚೆಗಿನ ದೀಪ ಕಾಣುತ್ತಿತ್ತು. ಗಂಡಹೆಂಡಿರು ಆಳಂದದ ಆ ಓಣಿಯಲ್ಲಿ ಮನೆ ಮಾಡಿದ ಮೇಲೆ ಮೊದಲು ಒಂದು ಧಾಬಾಕ್ಕೆ ಮನೆಯಲ್ಲೇ ಬಡಿದು ಕೊಟ್ಟಳು. ಆಮೇಲೆ ಓಣಿಯ ಖಾಸೀಂಬಿ ಜೊತೆಯಾದಳು, ಅವಳ ಹಿಂದೆ ಇನ್ನೂ ಐದಾರು ಮಂದಿ ಬಂದರು. ಒಣಗಿಸಿದ ಖಡಕ್ ರೊಟ್ಟಿ ಕಟ್ಟುಕಟ್ಟಾಗಿ ಕಲಬುರಗಿಗೂ ಸೊಲ್ಲಾಪುರಕ್ಕೂ ಬಸ್ಸಿನ ಮೇಲೆ ಹೋಗತೊಡಗಿತು.

ಗುರುಶಾಂತನೂ ಸುಮ್ಮನೆ ಕುಳಿತವನಲ್ಲ. ಅದನ್ನು ಶಿವಕಾಂತಾ ಯಾವತ್ತೂ ಇಲ್ಲ ಎನ್ನಲಿಲ್ಲ. ಮಾತಿನಲ್ಲಿ ಜೇನು ಇದ್ದ ಗಂಡಸು. ಹೋಟೆಲ್ಲಿನವರ ಹತ್ತಿರ ಕುಳಿತು ಚಹಾ ಕುಡಿದು ಎದ್ದನೆಂದರೆ ಜೇಬಿನಲ್ಲಿ ಆರ್ಡರು ಇರುತ್ತಿತ್ತು. ಕಟ್ಟುಗಳನ್ನು ಮೊದಲು ಸೈಕಲ್ಲಿನ ಮೇಲೆ ಹೊತ್ತ. ಆಮೇಲೆ ಗಾಡಿ ಬೇಕು ಅನ್ನಿಸಿತು. ಓಣಿಯ ಮಹಿಳಾ ಸಂಘದಲ್ಲಿ ಸಾಲ ಸಿಗುತ್ತಿದ್ದದ್ದು ಹೆಣ್ಣುಮಕ್ಕಳಿಗೆ ಮಾತ್ರ. ಹಾಗಾಗಿ ಸಾಲ ಶಿವಕಾಂತಾಳ ಹೆಸರಿನಲ್ಲಿ ಆಯಿತು, ಮೂರು ಗಾಲಿಯ ಟಂಟಂ ಗಾಡಿ ಗುರುಶಾಂತನ ಹೆಸರಿನಲ್ಲಿ ಆಯಿತು. ಊರ ಹೊರಗೆ ಇಬ್ಬರೂ ಕೂಡಿ ಕೊಂಡ ಪುಟ್ಟ ಪ್ಲಾಟೂ ಅವನ ಹೆಸರಿಗೇ ಹೋಯಿತು. ಗಂಡಸಿನ ಹೆಸರಿಗೆ ಆಸ್ತಿ, ಹೆಂಗಸಿನ ಹೆಸರಿಗೆ ಸಾಲ. ಓಣಿಯ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ.

ಹನ್ನೆರಡು ವರ್ಷ ಸಂಸಾರ ನಡೆಯಿತು. ಮಕ್ಕಳಾಗಲಿಲ್ಲ. ಒಂದು ದಿನ ಗುರುಶಾಂತ ಊಟಕ್ಕೆ ಕುಳಿತವನು ತಲೆ ಎತ್ತದೇ ಮಾತು ತೆಗೆದ.

"ಜೇವರ್ಗಿ ಕಡೆ ಒಂದು ಸಂಬಂಧ ಬಂದದ. ನಿನ್ನ ಜಾಗಾ ನಿಂದೇ ಇರ್ತದ. ನೀ ಹಿರೇಕಿ. ರೊಟ್ಟಿ ಕಾರಖಾನಿ ನೀ ನೋಡ್ಕೊ, ಮನಿ ಆಕಿ ನೋಡ್ಕೋತಾಳ."

ಶಿವಕಾಂತಾ ಅವನ ತಾಟಿಗೆ ಪಲ್ಯ ಬಡಿಸುತ್ತಿದ್ದಳು. ಬಡಿಸುವುದನ್ನು ನಿಲ್ಲಿಸಲಿಲ್ಲ.

"ಅಂದ್ರ ನಾ ದುಡೀಬೇಕು, ಆಕಿ ಸಂಸಾರ ಮಾಡಬೇಕು. ಛಂದ್ ಅದರಿ ನಿಮ್ಮ ಹಿಸಾಬ."

"ಹಂಗ ಯಾಕ ತಿಳ್ಕೋತಿ?"

"ಹ್ಯಾಂಗ ಅದನೋ ಹಂಗ ತಿಳ್ಕೊಂಡೇನಿ. ನನಗ ಫಾರಕತಿ ಕೊಡ್ರಿ. ಕೊಟ್ಟ ಮ್ಯಾಲೆ ಯಾರನ್ನ ಬೇಕಾದ್ರೂ ಕರ್ಕೊಂಡ್ ಬರ್ರಿ. ಅಕ್ಕಿಕಾಳು ಹಾಕಾಕ ನಾನೇ ಮುಂದ ನಿಂದರ್ತೇನಿ."

ವಿಚ್ಛೇದನ ಕೇಳಿದ್ದನ್ನು ಗುರುಶಾಂತ ಸಿಟ್ಟಿನ ಮಾತು ಅಂದುಕೊಂಡ. ಸಿಟ್ಟು ಎರಡು ದಿನದಲ್ಲಿ ಇಳಿಯುತ್ತದೆ ಅಂದುಕೊಂಡ. ಮೂರನೆಯ ದಿನ ಶಿವಕಾಂತಾ ಖಾಸೀಂಬಿಯ ಅಂಗಳದ ಒಂದು ಖೋಲಿಯನ್ನು ಬಾಡಿಗೆಗೆ ಹಿಡಿದು ತನ್ನ ಪಾತ್ರೆ ಸಾಗಿಸಿದಳು.

ಆಮೇಲಿನ ವರ್ಷವೊಂದು ವಿಚಿತ್ರವಾಗಿ ಕಳೆಯಿತು. ಇಬ್ಬರೂ ದಿನಾ ಶೆಡ್ಡಿಗೆ ಬರುತ್ತಿದ್ದರು. ಇವಳು ಹೆಂಚಿನ ಮುಂದೆ, ಅವನು ಬಾಗಿಲ ಹತ್ತಿರ. ನೇರ ಮಾತಿಲ್ಲ. ನಡುವೆ ಖಾಸೀಂಬಿ.

"ಖಾಸೀಂಬಿ, ಹಿಟ್ಟು ಮುಗದದ ಅಂತ ಹೇಳು ಅವರಿಗಿ."

"ಖಾಸೀಂಬಿ, ಹಿಟ್ಟು ಗಿರಣಿದಾಗ ಅದ, ಬರ್ತದ ಅಂತ ಹೇಳು ಆಕಿಗಿ."

"ಯಾ ಅಲ್ಲಾ," ಖಾಸೀಂಬಿ ಹಿಟ್ಟಿನ ಕೈ ಹಣೆಗೆ ಒತ್ತಿಕೊಳ್ಳುತ್ತಿದ್ದಳು, "ಇಬ್ರೂ ಕೇಳಿರಲ್ಲ, ಇನ್ನ ನಾ ಏನ್ ಹೇಳ್ಲಿ? ನನ್ನ ಪಗಾರ ಡಬಲ್ ಮಾಡ್ರಿ, ರೊಟ್ಟಿದು ಒಂದು, ಟೆಲಿಫೋನಿಂದು ಒಂದು."

ಶಿವಕಾಂತಾಳಿಗೆ ನಿದ್ದೆಗೆಡಿಸಿದ್ದು ಗಂಡನಲ್ಲ. ಸಂಘದ ಸಾಲ. ಸಂಘದಲ್ಲಿ ಒಬ್ಬಳಿಗೆ ಇನ್ನೊಬ್ಬಳು ಜಾಮೀನು. ಒಬ್ಬಳು ತಿಂಗಳ ಕಂತಿನ ಹಪ್ತಾ ತಪ್ಪಿಸಿದರೆ ಉಳಿದವರು ತಮ್ಮ ಗಂಟಿನಿಂದ ಕಟ್ಟಬೇಕು. ಖಾಸೀಂಬಿಯಂಥವರು ಕಟ್ಟಬೇಕು. ಗಾಡಿಯೂ ಹೋಗಿ, ಕಾರಖಾನೆಯೂ ಹೋಗಿ, ಬರೀ ಸಾಲ ತನ್ನ ಮೇಲೆ ಉಳಿದರೆ ಓಣಿಯ ಹೆಣ್ಣುಮಕ್ಕಳ ಮುಂದೆ ಹೇಗೆ ತಲೆ ಎತ್ತುವುದು? ತನಗೆ ನಿಂತುಕೊಳ್ಳಲು ಒಂದು ನೆಲೆ ಬೇಕು, ಸಂಘದಲ್ಲಿ ತನ್ನ ಹೆಸರು ಚೊಕ್ಕ ಇರಬೇಕು. ಅವಳಿಗೆ ಬೇಕಾದದ್ದು ಇಷ್ಟೇ. ಆದರೆ ಇಷ್ಟನ್ನು ಪಡೆಯುವುದು ಸಣ್ಣ ಮಾತಾಗಿರಲಿಲ್ಲ.

ಕೋರ್ಟಿನ ಎದುರಿಗೆ ಮಹಾನಂದಾ ಅನ್ನುವ ವಕೀಲೆಯ ಕೋಣೆ ಇತ್ತು. ತಾಯಿ ಮರೆಮ್ಮ ತೊಗರಿ ಹೊಲಗಳಲ್ಲಿ ಕೂಲಿ ಮಾಡಿ ಓದಿಸಿದ ಮಗಳು. ಬಂದವರ ಮಾತನ್ನು ಪೂರ್ತಿ ಕೇಳಿದ ಮೇಲೇ ತನ್ನ ಮಾತು ಆಡುವವಳು ಅಂತ ಹೆಸರು. ಶಿವಕಾಂತಾ ಹೇಳಿದ್ದೆಲ್ಲ ಕೇಳಿ ಆಕೆ ಬಿಡಿಸಿ ಹೇಳಿದಳು.

"ನೋಡಕ್ಕಾ, ತವರಿಂದ ಬಂದ ಬಂಗಾರ, ಭಾಂಡೆ ನಿಂದು. ಅದಕ್ಕ ಯಾರೂ ಕೈ ಹಚ್ಚಂಗಿಲ್ಲ. ಅವರ ಅಪ್ಪನ ಹೊಲ ಅವರದು, ಅದನ್ನ ನೀ ಕೇಳಬ್ಯಾಡ. ಕೂಡಿ ಗಳಿಸಿದ್ದು, ಕೂಡಿ ಮಾಡಿದ ಸಾಲ, ಎರಡನ್ನೂ ಎದುರಿಗಿ ಇಟ್ಕೊಂಡು ಮಾತಾಡ್ರಿ. ಬರೀ ಆಸ್ತಿ ಹಂಚ್ಕೊಂಡು ಸಾಲ ಮರತ್ರ ಅದು ಹಂಚಿಕಿ ಅಲ್ಲ. ಇನ್ನೊಂದು ಮಾತು, ಗಟ್ಟಿ ನೆನಪಿಟ್ಕೊ. ಈ ಸಾಲ ಅವಂದು ಅಂತ ನೀವು ನೀವು ನೂರು ಸಲ ಬರಕೊಂಡ್ರೂ, ಸಾಲ ಕೊಟ್ಟವರು ಸಹಿ ಮಾಡಿದಾಕಿನ್ನೇ ಹಿಡೀತಾರ. ಹಂಗಾಗಿ ಅವರ ಪಾಲಿಗಿ ಸಾಲ ಹೋದ್ರ, ನೀ ಕೋರ್ಟಿನಾಗ ಸಹಿ ಹಾಕೂಕ್ಕಿಂತ ಮೊದಲ ಅದು ತೀರಬೇಕು, ಇಲ್ಲಾ ನಿನ್ನ ಹೆಸರಿನಿಂದ ಇಳೀಬೇಕು."

"ಇಬ್ರೂ ಒಪ್ಪಿದ್ರ?"

"ಇಬ್ರೂ ಒಪ್ಪಿ ಬಂದ್ರ ಕೋರ್ಟು ಹಗೂರ. ಜಗಳಾಡ್ಕೊಂಡು ಬಂದ್ರ ನಿಮ್ಮ ರೊಟ್ಟಿ ನಾವು ವಕೀಲರು ತಿಂತೇವಿ."

ಹಿರಿಯರ ಮುಂದೆ ಕೂಡುವುದೆಂದು ಗೊತ್ತಾಯಿತು. ಸರಸಂಬಾದಲ್ಲಿ ಅತ್ತೆ ಗೌರಾಬಾಯಿಯ ಮನೆಯ ಪಡಸಾಲೆ. ಹಿರಿತನಕ್ಕೆ ಚಂದ್ರಾಮಪ್ಪ ಕಾಕಾ. ಆ ಊರಿನ ಅಣ್ಣತಮ್ಮಂದಿರ ಹೊಲದ ಹಿಸ್ಸೆಗಳನ್ನೆಲ್ಲ ಕುಳಿತು ಮುಗಿಸಿಕೊಟ್ಟ ಮುದುಕ. ಇನ್ನು ನಾಕು ಮಂದಿ ಬೀಗರು, ನೆರೆಯವರು. ಮಹಾನಂದಾಳೂ ಬಂದು ಒಂದು ಪಕ್ಕ ಕುಳಿತಳು.

ಗುರುಶಾಂತ ಮೊದಲು ಬಾಯಿ ತೆಗೆದ.

"ಇದರಾಗ ಹಂಚೂದು ಏನದ ಕಾಕಾ? ಗಾಡಿ ನನ್ನ ಹೆಸರಿಗದ, ಪ್ಲಾಟು ನನ್ನ ಹೆಸರಿಗದ. ಕಾರಖಾನಿ ಗಿರಾಕಿ ನನ್ನವು. ಸಂಘದ ಸಾಲ ಆಕಿ ಹೆಸರಿಗದ. ಯಾರ ಹೆಸರಿಂದು ಅವರಿಗಿ. ನಾ ಏನ್ ಕೆಟ್ಟಾಂವಲ್ಲ, ಮ್ಯಾಲೆ ಎರಡು ಎಮ್ಮಿ ಆಕಿಗಿ ಪುಕ್ಕಟ ಕೊಡ್ತೇನಿ."

ಒಳಗಿನಿಂದ ಗೌರಾಬಾಯಿಯ ದನಿ ಬಂತು. "ಎಮ್ಮಿ ನನ್ನವು ಲೇ! ನನ್ನ ಎಮ್ಮಿ ನೀ ಯಾರಿಗಿ ದಾನ ಮಾಡಾಕತ್ತಿ?"

ಪಡಸಾಲೆ ನಕ್ಕಿತು. ಗುರುಶಾಂತನ ಮುಖ ಕೆಂಪಾಯಿತು. ಶಿವಕಾಂತಾ ನಗಲಿಲ್ಲ. ಸೆರಗು ಸರಿ ಮಾಡಿಕೊಂಡು ಚಂದ್ರಾಮಪ್ಪನ ಕಡೆ ತಿರುಗಿದಳು.

"ಕಾಕಾ, ಇವರ ಅಪ್ಪನ ಹೊಲ ನನಗ ಬ್ಯಾಡ. ನಮ್ಮ ಅಪ್ಪ ಹಾಕಿದ ಬಂಗಾರ ಇವರಿಗಿ ಬ್ಯಾಡ. ಆದ್ರ ಕಾರಖಾನಿ, ಗಾಡಿ, ಪ್ಲಾಟು ಈ ಮೂರೂ ನಾವಿಬ್ರೂ ಬೆವರು ಹಾಕಿ ಮಾಡಿದ್ದು. ಕಾಗದದಾಗ ಹೆಸರು ಒಂದೇ ಇರಬಹುದು, ಬೆವರು ಎರಡದ. ಸಾಲಾನೂ ಹಂಗೇ. ಸಂಘದ ಸಾಲ ನನ್ನ ಹೆಸರಿಗದ, ಆದ್ರ ಅದರಾಗ ಬಂದದ್ದು ಗಾಡಿ. ಗಾಡಿ ಎಲ್ಲಿ ಹೋಗ್ತದ ಸಾಲ ಅಲ್ಲಿ ಹೋಗಬೇಕು. ಜೋಳದ ಅಂಗಡಿ ಉದ್ರಿ ಕಾರಖಾನಿದು. ಕಾರಖಾನಿ ತೊಗೊಂಡವರು ಅದನ್ನ ತೀರಸಬೇಕು."

"ಹಂಗಾದ್ರ ಇನ್ನೊಂದು ಸಾಲ ಅದ," ಗುರುಶಾಂತ ಅವಸರದಿಂದ ಹೇಳಿದ. "ಹೋದ ಪಂಚಾಯತಿ ಇಲೆಕ್ಷನ್ನಿನಾಗ ದೋಸ್ತ ಮಾಳಿಂಗಗ ಕೈಗಡ ತಂದು ಕೊಟ್ಟಿದ್ದೆ. ಅಂವ ಸೋತ. ಸಾಲ ನನ್ನ ಕೊರಳಿಗಿ ಬಿತ್ತು. ಅದರಾಗೂ ಅರ್ಧ ಆಕಿದು."

ಶಿವಕಾಂತಾ ಈಗ ನಕ್ಕಳು. "ಮಾಳಿಂಗಣ್ಣ ಗೆದ್ದಿದ್ರ ಆ ಕುರ್ಚಿದಾಗ ಅರ್ಧಾ ನನಗ ಬಿಡ್ತಿದ್ದನೇನ್ರಿ?"

ಚಂದ್ರಾಮಪ್ಪ ಗಡ್ಡ ತೀಡಿಕೊಂಡ. "ಅದು ಸಂಸಾರದ ಸಾಲ ಅಲ್ಲ ಗುರುಶಾಂತ. ನಿನ್ನ ಹೌಸಿ, ಶೋಕಿ ಸಾಲ. ನೀನೇ ಹೊರಬೇಕು."

ಆಗ ಶಿವಕಾಂತಾ ಯಾರೂ ಕೇಳದ ಮಾತೊಂದನ್ನು ತಾನಾಗಿ ಹೇಳಿದಳು.

"ನನ್ನದೂ ಅಂಥಾದು ಒಂದದ ಕಾಕಾ. ನಮ್ಮ ಅಣ್ಣನ ಹೆಂಡ್ತಿ ದವಾಖಾನಿಗಿ ಅಂತ ಸಂಘದಾಗ ಬ್ಯಾರೆ ಸಣ್ಣ ಸಾಲ ಎತ್ತೇನಿ. ಇವರಿಗಿ ಗೊತ್ತಿಲ್ಲ. ಅದು ಅತನೂರಿಗಿ ಹೋದದ್ದು, ಈ ಮನಿಗಿ ಬಂದಿಲ್ಲ. ಅದು ನನ್ನದು. ನಡುವ ಇಡಬ್ಯಾಡ್ರಿ."

ಗುರುಶಾಂತ ಅವಳನ್ನೇ ನೋಡಿದ. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿಬಿಟ್ಟಳು. ಮುದುಕ ಚಂದ್ರಾಮಪ್ಪ ಆ ಹೊತ್ತಿನಲ್ಲಿ ಏನನ್ನೋ ನಿಶ್ಚಯ ಮಾಡಿಕೊಂಡಂತೆ ಕಂಡಿತು.

"ಕೇಳ್ರಿಲ್ಲಿ. ನಮ್ಮಲ್ಲಿ ಅಣ್ತಮ್ಮರ ಹಿಸ್ಸಾ ಹ್ಯಾಂಗ ಆಗ್ತದ? ದೊಡ್ಡಾಂವ ಎರಡು ಪಾಲು ಮಾಡ್ತಾನ, ಸಣ್ಣಾಂವ ಮೊದಲು ಎತ್ತತಾನ. ಪಾಲು ಮಾಡಿದಾಂವಗ ಉಳದದ್ದು. ಅದಕ್ಕೇ ದೊಡ್ಡಾಂವ ಮೋಸ ಮಾಡಂಗಿಲ್ಲ, ಮಾಡಿದ್ರ ಅದು ಅವನ ತಲಿಗೇ ಬರ್ತದ. ಇದೂ ಹಂಗೇ ಆಗ್ಲಿ. ಗುರುಶಾಂತ, ನೀ ದೊಡ್ಡಾಂವ. ನೀ ಪಾಲು ಮಾಡು, ಆಕಿ ಎತ್ತಲಿ."

"ಗಂಡ ಹೆಂಡ್ರಿಗಿ ಎಲ್ಲರೆ ಈ ಪದ್ಧತಿ ಅದ ಏನ್ರಿ?" ಬೀಗರಲ್ಲಿ ಒಬ್ಬರು ಗೊಣಗಿದರು.

"ಇಲ್ಲಂದ್ರ ಇವತ್ತಿನಿಂದ ಅದ," ಅಂದ ಚಂದ್ರಾಮಪ್ಪ.

ಗುರುಶಾಂತ ಲೆಕ್ಕ ಹಾಕಿದ. ಪಾಲು ಮಾಡುವವನಿಗೆ ಉಳಿದದ್ದು. ಎತ್ತುವವನಿಗೆ ಮೊದಲ ಕೈ. ಅವನ ಮುಖ ಅರಳಿತು.

"ನನಗ ಅದೆಲ್ಲ ಬರಂಗಿಲ್ಲ ಕಾಕಾ. ಆಕಿ ಶಾಣ್ಯಾಕಿ, ಆಕಿ ಪಾಲು ಮಾಡ್ಲಿ. ಎತ್ತಾಂವ ನಾ."

"ಆಯ್ತ್ರಿ," ಅಂದಳು ಶಿವಕಾಂತಾ. ಒಂದು ವಾರದ ಸಮಯ ಕೇಳಿಕೊಂಡು ಎದ್ದಳು.

ಆ ವಾರ ಅವಳ ಕೈ ರೊಟ್ಟಿ ಬಡಿಯಿತು, ಮನಸ್ಸು ಪಾಲು ಬಡಿಯಿತು. ಕಾರಖಾನೆಯ ಮೇಲೆ ಅವಳ ಜೀವ ಇತ್ತು. ಹೆಂಚುಗಳಲ್ಲಿ ಯಾವುದು ಬೇಗ ಕಾಯುತ್ತದೆ, ಯಾವುದರ ನಡುವೆ ಸುಡುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತು. ಖಾಸೀಂಬಿ ಅದನ್ನು ಬಲ್ಲವಳು. ಒಂದು ಮಧ್ಯಾಹ್ನ ಹತ್ತಿರ ಸರಿದು ಕಿವಿಯಲ್ಲಿ ಹೇಳಿದಳು.

"ಶಿವಕ್ಕಾ, ಕಾರಖಾನಿ ಪಾಲಿನ ಮ್ಯಾಲೆ ಸಾಲ ಜರಾ ಜಾಸ್ತಿ ಹೇರು ಬೇ. ಗಾಡಿ ಸಾಲಾನೂ ಅದರ ಮ್ಯಾಲೇ ಹಾಕು. ಅಂವ ಸಾಲಕ್ಕ ಹೆದರೋ ಆಸಾಮಿ. ನೋಡಿದ ಕೂಡ್ಲೇ ಹೌಹಾರಿ ಗಾಡಿ ಎತ್ತತಾನ. ಕಾರಖಾನಿ ನಿನಗ ಬರ್ತದ."

ಶಿವಕಾಂತಾ ಎರಡು ದಿನ ಪಾಲನ್ನು ಹಾಗೇ ಇಟ್ಟುಕೊಂಡು ನೋಡಿದಳು. ಅದು ನಡೆಯುವ ಉಪಾಯವೇ. ಆದರೆ ಮೂರನೆಯ ದಿನ ಅವಳು ಕಾರಖಾನೆಯ ಪಾಲಿನಲ್ಲಿ ತಾನೇ ಕುಳಿತಂತೆ ಎಣಿಸಿಕೊಂಡಳು. ಎರಡೂ ಸಾಲ ತಲೆಯ ಮೇಲೆ. ಒಂದು ತಿಂಗಳು ಆರ್ಡರು ಕಡಿಮೆಯಾದರೆ ಸಂಘದ ಹಪ್ತಾ ಯಾರು ಕಟ್ಟುತ್ತಾರೆ? ಖಾಸೀಂಬಿ ಕಟ್ಟುತ್ತಾಳೆ. ಇನ್ನು ಅವನು ಹಟಕ್ಕೆ ಅದನ್ನೇ ಎತ್ತಿದನೋ, ಅವನನ್ನು ಮುಳುಗಿಸಿದ ಹಾಗಾಯಿತು. ಬಿಟ್ಟುಹೋಗುವ ಗಂಡಸಾದರೂ ಹನ್ನೆರಡು ವರ್ಷ ಜೊತೆಗಿದ್ದ ಗಂಡಸು.

"ಬ್ಯಾಡ ಖಾಸೀಂಬಿ," ಅಂದಳು. "ಯಾ ಪಾಲು ಬಂದ್ರೂ ನಾ ನಿಂತು ಬಾಳ್ವೆ ಮಾಡಂಗಿರಬೇಕು. ಅಂವ ಎತ್ತಿದ್ರೂ ಅಂವ ಬಾಳ್ವೆ ಮಾಡಂಗಿರಬೇಕು."

"ಅಂವ ಕಾರಖಾನಿ ಎತ್ತಿದ್ರ?"

ಶಿವಕಾಂತಾ ತಟ್ಟುತ್ತಿದ್ದ ರೊಟ್ಟಿ ಒಂದು ಕಡೆ ಹರಿಯಿತು. ಮತ್ತೆ ಮುದ್ದೆ ಮಾಡಿ ತಟ್ಟಿದಳು.

ವಾರ ಕಳೆದು ಪಡಸಾಲೆಯಲ್ಲಿ ಮತ್ತೆ ಕೂಡಿದರು. ಶಿವಕಾಂತಾ ಅತ್ತೆಯ ಅಡುಗೆಮನೆಯಿಂದ ಎರಡು ಮೊರ ತಂದು ನಡುವೆ ಇಟ್ಟಳು. ಒಂದರಲ್ಲಿ ಒಂದು ಖಡಕ್ ರೊಟ್ಟಿ, ಇನ್ನೊಂದರಲ್ಲಿ ಟಂಟಂ ಗಾಡಿಯ ಕೀಲಿ. ಕೀಲಿಯ ಪಕ್ಕ ಪ್ಲಾಟಿನಿಂದ ತಂದ ಒಂದು ಹಿಡಿ ಮಣ್ಣು. ಆಮೇಲೆ ಒಣ ಮೆಣಸಿನಕಾಯಿ ತೆಗೆದು ಒಂದೊಂದಾಗಿ ಎರಡೂ ಕಡೆ ಇಟ್ಟಳು.

"ಇವು ಏನವ್ವ?" ಚಂದ್ರಾಮಪ್ಪ ಕೇಳಿದ.

"ಸಾಲ ಕಾಕಾ. ಕಣ್ಣಿಗಿ ಕಾಣಲಿ ಅಂತ. ಇಲ್ಲಂದ್ರ ಎಲ್ಲಾರೂ ರೊಟ್ಟಿ ನೋಡ್ತಾರ, ಖಾರ ಮರೀತಾರ."

"ಭಾಳ ಖಾರದ ಸಂಸಾರ ಮಾಡೀರಿ ಬಿಡು," ಅಂದರು ಯಾರೋ. ಮತ್ತೆ ನಗೆ ಎದ್ದಿತು.

ಅವಳು ಬಿಡಿಸಿ ಹೇಳಿದಳು. ಒಂದು ಮೊರ ಅಂದರೆ ಕಾರಖಾನೆ, ಅದರ ಹೆಂಚು ಒಲೆ, ಗಿರಾಕಿಗಳು, ಶೆಡ್ಡಿನ ಮಾಲಕನ ಹತ್ತಿರ ಇಟ್ಟ ಅಡ್ವಾನ್ಸು, ಜೋಳದ ಅಂಗಡಿಯ ಉದ್ರಿ. ಇನ್ನೊಂದು ಮೊರ ಅಂದರೆ ಗಾಡಿ, ಪ್ಲಾಟು, ಸಂಘದ ಗಾಡಿ ಸಾಲ. ಕಾರಖಾನೆಯಲ್ಲಿ ದಿನದ ಆದಾಯ ಹೆಚ್ಚು, ಆದರೆ ಜಾಗ ಬಾಡಿಗೆಯದು. ಗಾಡಿಯ ಆದಾಯ ಕಡಿಮೆ, ಸಾಲವೂ ದೊಡ್ಡದು. ಆದರೆ ಪ್ಲಾಟಿನ ಮಣ್ಣು ಎಲ್ಲಿಗೂ ಓಡುವುದಿಲ್ಲ. ಗಾಡಿಯ ಮೊರ ಅವನಿಗೆ ಹೋದರೆ ಕೋರ್ಟಿನ ಸಹಿಗೆ ಮೊದಲು ಸಂಘದ ಸಾಲ ಅವಳ ಹೆಸರಿನಿಂದ ಇಳಿಯಬೇಕು. ಅವಳಿಗೆ ಬಂದರೆ ಗಾಡಿಯ ಕಾಗದ, ಪ್ಲಾಟಿನ ಕಾಗದ ಅವಳ ಹೆಸರಿಗೆ ಬರಬೇಕು. ಮಹಾನಂದಾ ಎಲ್ಲವನ್ನೂ ಬರೆದುಕೊಂಡು ತಲೆ ಆಡಿಸಿದಳು.

"ಎತ್ತಪಾ ಗುರುಶಾಂತ," ಅಂದ ಚಂದ್ರಾಮಪ್ಪ.

ಗುರುಶಾಂತ ಮೊರಗಳನ್ನು ನೋಡಲಿಲ್ಲ. ಶಿವಕಾಂತಾಳ ಮುಖ ನೋಡಿದ. ಅವಳ ಕಣ್ಣು ಎಲ್ಲಿ ಹೋಗುತ್ತದೆ ಅಂತ ಕಾಯುತ್ತ ಕುಳಿತ. ಅವನಿಗೆ ಗಾಡಿಯೇ ಹೊಂದುವಂಥದ್ದು, ಇದು ಅಲ್ಲಿ ಕುಳಿತ ಎಲ್ಲರಿಗೂ ಗೊತ್ತಿತ್ತು. ಊರೂರು ತಿರುಗುವ, ಮಂದಿಯ ಜೊತೆ ಮಾತಾಡುವ ಗಂಡಸು. ಹೊಗೆಯಲ್ಲಿ ಕುಳಿತು ಹಿಟ್ಟಿನ ಹದ ನೋಡುವ ಜಾಯಮಾನ ಅವನದಲ್ಲ. ಆದರೆ ತನಗೇನು ಬೇಕು ಎಂಬುದನ್ನು ಅವನು ಆ ಹೊತ್ತಿಗೆ ಮರೆತೇಬಿಟ್ಟಿದ್ದ. ಅವಳಿಗೇನು ಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು.

ಶಿವಕಾಂತಾ ಬಹಳ ಹೊತ್ತು ನೆಲ ನೋಡಿದಳು. ಕಡೆಗೆ ಒಂದೇ ಒಂದು ಸಲ ಕಣ್ಣು ರೊಟ್ಟಿಯ ಮೇಲೆ ಹೋಗಿ ಬಂತು.

ಗುರುಶಾಂತ ಕೈ ಚಾಚಿ ರೊಟ್ಟಿಯ ಮೊರವನ್ನು ತನ್ನ ಕಡೆ ಎಳೆದುಕೊಂಡ.

ಶಿವಕಾಂತಾಳ ಹೆಂಚು, ಒಲೆ, ಗೋಡೆಯ ಮಸಿ, ಇಷ್ಟು ವರ್ಷದ ಬೆಳಗುಗಳು ಆ ಮೊರದ ಜೊತೆ ಸರಿದುಹೋದವು. ಪಾಲು ಮಾಡಿದವಳು ತಾನು. ಈಗ ಅತ್ತರೆ ಪಾಲು ತಪ್ಪು ಅಂದ ಹಾಗಾಗುತ್ತದೆ. ತಪ್ಪಿರಲಿಲ್ಲ.

"ಆಯ್ತ್ರಿ," ಅಂದು ಕೀಲಿ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಗುರುಶಾಂತನಿಗೆ ಸಮಾಧಾನವಾಗಲಿಲ್ಲ. "ಗಾಡಿ ಯಾರ್ ಹೊಡೀತಾರ? ಡ್ರೈವರ್ ಇಟ್ರ ಅವನ ಪಗಾರಕ್ಕೇ ಸರಿ ಆಗ್ತದ."

"ನಾನೇ ಹೊಡೀತೇನಿ."

"ನೀನಾ?"

"ಕಲಿಸಿದವರು ನೀವೇ ಅಲ್ರೀ? ಕಟ್ಟು ಹೇರುವಾಗ ಗಾಡಿ ಹಿಂದ ಮುಂದ ಸರಸಾಕ ನಾನೇ ಬೇಕಾಗಿದ್ದೆ. ಇನ್ನ ಬರೀ ಮುಂದ ಹೋದ್ರಾತು."

ಈ ಸಲದ ನಗೆಯಲ್ಲಿ ಚಂದ್ರಾಮಪ್ಪನದೇ ಎಲ್ಲರಿಗಿಂತ ಜೋರು. ಬಾಗಿಲಲ್ಲಿ ನಿಂತಿದ್ದ ಗೌರಾಬಾಯಿ ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು.

"ಎಲ್ಲಾ ಹಂಚಿದ್ರಿ. ನಾ ಯಾರ ಪಾಲಿಗಿ?"

"ಅತ್ತಿ, ನೀವು ಮೊರದಾಗ ಇಡೋ ಸಾಮಾನಲ್ರಿ," ಅಂದಳು ಶಿವಕಾಂತಾ.

"ಹಂಗಾರ ನಾನೇ ಹೇಳ್ತೇನಿ. ಇರೂದು ನನ್ನ ಮನಿದಾಗ, ನನ್ನ ಎಮ್ಮಿ ಜೋಡಿ. ಆಳಂದಕ್ಕ ಸಂತಿಗಿ ಹೋಗೂದು ಸೊಸಿ ಗಾಡಿದಾಗ. ಫಾರಕತಿ ಆಗೂದು ಅವಂದು ಆಕಿದು. ನನ್ನ ಜೋಡಿ ಯಾವಾಗ ಆಗ್ಯದ? ನಾ ಎಲ್ಲಿ ಸಹಿ ಹಾಕೇನಿ?"

ವಕೀಲೆ ನಗುತ್ತ ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡಳು.

ಇಬ್ಬರೂ ಒಪ್ಪಿ ಅರ್ಜಿ ಹಾಕಿದರು. ಕಾಗದಗಳು ಹೇಳಿದ ಹಾಗೇ ಬದಲಾದವು. ಕೋರ್ಟು ಕೊಟ್ಟ ಆರು ತಿಂಗಳ ಗಡುವು ಮುಗಿದು, ಜಡ್ಜ್ ಸಾಹೇಬರು ಇಬ್ಬರನ್ನೂ ಕೇಳಿ, ಫಾರಕತಿ ಮಾಡಿಕೊಟ್ಟರು. ಹೊರಗೆ ಬಂದಾಗ ಮಹಾನಂದಾ ಹೇಳಿದಳು, "ಅಕ್ಕಾ, ನನ್ನ ಟೇಬಲ್ಲಿಗಿ ಭಾಳ ಮಂದಿ ಬರ್ತಾರ. ಎಲ್ಲಾರೂ ನನಗೆಷ್ಟು ಬರ್ತದ ಅಂತ ಕೇಳ್ತಾರ. ಇಬ್ರಿಗೂ ಬರೋಬ್ಬರಿ ಹ್ಯಾಂಗ ಆಗ್ತದ ಅಂತ ಯಾರೂ ಕೇಳಂಗಿಲ್ಲ." ಅವತ್ತು ಖೋಲಿಗೆ ಹೋಗುವಾಗ ಶಿವಕಾಂತಾಳ ನಡಿಗೆ ಬೇರೆಯೇ ಆಗಿತ್ತು ಅಂತ ಖಾಸೀಂಬಿ ಇವತ್ತಿಗೂ ನಡೆದು ತೋರಿಸುತ್ತಾಳೆ.

ಕಾರಖಾನೆಯಲ್ಲಿ ಮಾತ್ರ ಗುಜುಗುಜು ಎದ್ದಿತ್ತು. ಖಾಸೀಂಬಿ ಎಲ್ಲರನ್ನೂ ಕೂಡಿಸಿಕೊಂಡು ಬಂದಳು.

"ಶಿವಕ್ಕಾ, ನಾವೆಲ್ಲಾ ನಾಳಿಂದ ಬರಂಗಿಲ್ಲ ಅಂತ ಅವಗ ಹೇಳ್ತೇವಿ. ನಾವಿಲ್ಲಂದ್ರ ಅಂವ ಹೆಂಚು ಕಾಸ್ಕೋತ ಕೂಡ್ತಾನ. ಒಂದೇ ವಾರದಾಗ ಕಾರಖಾನಿ ನಿನ್ನ ಬಾಗಲಿಗಿ ತಂದು ಇಡ್ತಾನ ನೋಡು."

ಮನಸ್ಸು ಒಂದು ಕ್ಷಣ ಆಸೆಪಟ್ಟಿತು. ಸುಳ್ಳು ಹೇಳಬಾರದು, ಪಟ್ಟಿತು. ಬಾಯಿ ಮಾತ್ರ ಬೇರೆ ಹೇಳಿತು.

"ನಿಮ್ಮ ಹೊಟ್ಟಿ ಮ್ಯಾಲೆ ನನ್ನ ಸಿಟ್ಟು ತೀರಿಸ್ಕೋಬೇಕೇನು? ಪಾಲು ಅಂದ ಮ್ಯಾಲೆ ಪಾಲು. ಕೊಟ್ಟದ್ದರಾಗ ಮತ್ತ ಕೈ ಹಾಕಿದ್ರ ನಾ ಪಾಲು ಮಾಡಿದ್ದು ಯಾತಕ್ಕ? ಹೋಗ್ರಿ, ಹಿಟ್ಟು ಆರ್ತದ."

ಲೈಸೆನ್ಸು ಆಯಿತು. ಮೊದಲ ದಿನ ಆಳಂದದ ಟಂಟಂ ಸ್ಟ್ಯಾಂಡಿನಲ್ಲಿ ಗಾಡಿ ತಂದು ನಿಲ್ಲಿಸಿದಾಗ ಗಂಡಸರು ಬೀಡಿ ಬಾಯಿಂದ ತೆಗೆಯುವುದನ್ನೂ ಮರೆತರು.

"ಅಕ್ಕಾ, ಇದು ಒಲಿ ಅಲ್ರಿ, ಇಂಜಿನ್ನು," ಒಬ್ಬ ಕೂಗಿದ.

"ಗೊತ್ತದ ತಮ್ಮಾ. ಒಲಿ ಆಗಿದ್ರ ನಿನಗ ಹಚ್ಚಾಕ ಬರ್ತಿರಲಿಲ್ಲ."

ಸರಸಂಬಾ ಕಡೆಯ ಹೆಣ್ಣುಮಕ್ಕಳು ಮೊದಲು ಹಿಂದೆ ಮುಂದೆ ನೋಡಿದರು. ಗೌರಾಬಾಯಿ ಎಲ್ಲರ ಮುಂದೆ ಬಂದು, ಡ್ರೈವರಿನ ಹಿಂದಿನ ಸೀಟಿನಲ್ಲಿ ಕಾಲು ಮಡಿಚಿ ಕುಳಿತುಬಿಟ್ಟಳು. "ಬರ್ರಿ ಬೇ, ಏನ್ ನೋಡಾಕತ್ತೀರಿ? ನನ್ನ ಸೊಸಿ ಹೊಡೀತಾಳ. ರಸ್ತೆ ತಗ್ಗಿನಾಗ ಹಾರಸಂಗಿಲ್ಲ." ಮುದುಕಿ ಕುಳಿತ ಮೇಲೆ ಉಳಿದವರೂ ಹತ್ತಿದರು. ತಿಂಗಳೊಪ್ಪತ್ತಿನಲ್ಲಿ ಹೆಣ್ಣುಮಕ್ಕಳು ಬೇರೆ ಗಾಡಿ ಬಿಟ್ಟು ಇವಳ ಗಾಡಿಗೇ ಕಾಯುವುದಕ್ಕೆ ಶುರುಮಾಡಿದರು. ಬಾಣಂತಿಯರನ್ನು ದವಾಖಾನೆಗೆ ಒಯ್ದಳು, ತೊಗರಿಯ ಚೀಲವನ್ನು ಅಡತಿ ಅಂಗಡಿಗೆ ಒಯ್ದಳು, ಪರೀಕ್ಷೆ ಬರೆಯುವ ಹುಡುಗಿಯರನ್ನು ಸಾಲೆಗೆ ಒಯ್ದಳು.

ಸಂಘದ ಹಪ್ತಾ ಒಂದು ತಿಂಗಳೂ ತಪ್ಪಲಿಲ್ಲ. ಮಳೆಯ ತಿಂಗಳಲ್ಲಿ ಮಂದಿ ಕಡಿಮೆಯಾದಾಗ ಖಾಸೀಂಬಿ ತನ್ನ ಗಂಟು ಬಿಚ್ಚಿಕೊಂಡು ಬಂದಿದ್ದಳು. ಶಿವಕಾಂತಾ ಅವಳ ಕೈ ಹಿಡಿದು ಆ ಗಂಟನ್ನು ಮತ್ತೆ ಅವಳ ಸೊಂಟಕ್ಕೇ ಸಿಗಿಸಿದಳು. ಕಡೆಯ ಹಪ್ತಾ ಕಟ್ಟಿದ ದಿನ ಸಂಘದ ಹೆಣ್ಣುಮಕ್ಕಳು ಬೆಲ್ಲ ಹಂಚಿದರು. ಮುಂದಿನ ವರ್ಷಕ್ಕೆ ಸಂಘದ ಅಧ್ಯಕ್ಷೆ ಯಾರು ಅಂದಾಗ ಎಲ್ಲರೂ ಒಂದೇ ಹೆಸರು ಹೇಳಿದರು. ಒಲ್ಲೆ ಅನ್ನಬೇಕು ಅಂತ ಅವಳು ಬಾಯಿ ತೆಗೆದಳು. ಖಾಸೀಂಬಿ ಆ ಬಾಯಿಗೆ ಬೆಲ್ಲ ತುರುಕಿದಳು.

ಗುರುಶಾಂತನ ಕಾರಖಾನೆ ಮುಳುಗಲಿಲ್ಲ. ಮೊದಲು ಕುಂಟಿತು, ರೊಟ್ಟಿ ದಪ್ಪವಾಯಿತು ಅಂತ ಗಿರಾಕಿಗಳು ಗೊಣಗಿದರು. ಆಮೇಲೆ ಹೊಸ ಹೆಂಡತಿ ಬಂದಳು. ಅವಳಿಗೂ ಕೈ ಇತ್ತು. ಅಲ್ಲಿಂದ ಕಾರಖಾನೆ ಸರಿಯಾಗಿ ನಡೆಯತೊಡಗಿತು. ಅದನ್ನು ಕೇಳಿ ಶಿವಕಾಂತಾಳಿಗೆ ಸಂತೋಷವಾಯಿತು ಅಂದರೆ ಪೂರ್ತಿ ಖರೆಯಲ್ಲ. ಆದರೆ ತಾನು ಮಾಡಿದ ಎರಡು ಪಾಲೂ ಬದುಕಿದವು ಅನ್ನುವುದು ಅವಳಿಗೆ ಹಿರಿಮೆಯ ಮಾತಾಗಿತ್ತು. ಯಾರ ಹತ್ತಿರವೂ ಆಡದಿದ್ದರೂ ಒಳಗೇ ಅದನ್ನು ಚಪ್ಪರಿಸುತ್ತಿದ್ದಳು.

ಒಂದು ದಿನ ಮುಂಜಾನೆ ಶೆಡ್ಡಿನ ಬಾಗಿಲಲ್ಲಿ ಗುರುಶಾಂತ ಕೈ ಎತ್ತಿ ಅವಳ ಗಾಡಿ ನಿಲ್ಲಿಸಿದ. ಪಕ್ಕದಲ್ಲಿ ರೊಟ್ಟಿಯ ಕಟ್ಟುಗಳು.

"ನಾ ಕರಿಯೋ ಗಾಡಿ ಇವತ್ತು ಕೆಟ್ಟು ನಿಂತದ. ಸೊಲ್ಲಾಪುರ ಬಸ್ಸಿಗಿ ಇವನ್ನ ಮುಟ್ಟಸಬೇಕು. ಬಾಡಿಗಿ ಎಷ್ಟು?"

"ಎಲ್ಲಾರಿಗಿ ಎಷ್ಟೋ ಅಷ್ಟೇ ರಿ."

"ಜಾಸ್ತಿ ಕೊಡ್ತೇನಿ ಬೇಕಾದ್ರ."

"ಬ್ಯಾಡ್ರಿ. ಜಾಸ್ತಿನೂ ಬ್ಯಾಡ, ಕಮ್ಮಿನೂ ಬ್ಯಾಡ."

ಅವನು ಕಟ್ಟುಗಳನ್ನು ಒಂದೊಂದಾಗಿ ಎತ್ತಿ ಕೊಟ್ಟ. ಅವಳು ಒಳಗೆ ಜೋಡಿಸಿದಳು. ಒಂದು ಕಟ್ಟಿನ ಅಂಚಿನ ರೊಟ್ಟಿ ಮುರಿದಿತ್ತು. ಬೆರಳಿನಿಂದ ಅದರ ದಪ್ಪ ನೋಡಿ, "ಹೊಸಾಕಿಗಿ ಹೇಳ್ರಿ, ನೀರು ಇನ್ನಾ ಜರಾ ಸುಡಸುಡ ಇರಬೇಕು," ಅಂದಳು.

"ಹೇಳ್ತೇನಿ," ಅಂದ ಗುರುಶಾಂತ, ಬಾಡಿಗೆ ಎಣಿಸಿ ಕೊಡುತ್ತ.

ಹಿಂದಿನ ಸೀಟಿನಲ್ಲಿದ್ದ ಹೆಣ್ಣುಮಕ್ಕಳು ಹೊತ್ತಾಯಿತು ಅಂತ ಗದ್ದಲ ಎಬ್ಬಿಸಿದರು. ಶಿವಕಾಂತಾ ಹಣವನ್ನು ಜಂಪರಿನೊಳಗಿನ ಚೀಲಕ್ಕೆ ಸೇರಿಸಿ, ಗಾಡಿ ಚಾಲೂ ಮಾಡಿ, ಓಣಿಯ ತಿರುವಿನಲ್ಲಿ ಹಾರ್ನ್ ಬಾರಿಸಿ, ದೊಡ್ಡ ರಸ್ತೆಗೆ ಹತ್ತಿದಳು.